ಮೊದಲು ಕೇಳಿಸಿದ ದನಿ

ಮರಳೂರು, ತುಮಕೂರು
೧೧-೧-೨೦೨೫

ಅಮ್ಮನಿಗೆ ನಿನ್ನ ತೇಜಸ್ವಿನಿಯ ನಮಸ್ಕಾರ.

ನಾನು ಹೇಳುತ್ತಿದ್ದೇನೆ, ರೂಮಿನ ಗೆಳತಿ ಶಿಲ್ಪಾ ಬರೆಯುತ್ತಿದ್ದಾಳೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮುಂಚೆಯೇ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ತಂದವರ ಕೈಲೇ ಓದಿಸಿಕೊ. ಒಂದಕ್ಷರ ಬಿಡದೆ ಓದಬೇಕೆಂದು ಹೇಳಿ ಕಳಿಸಿದ್ದೇನೆ.

ಅತ್ತೆ ತೀರಿಕೊಂಡರೆಂದು ಅನಂತರಾಜು ಮಾವನಿಗೆ ನಾನು ಎರಡನೇ ಹೆಂಡತಿಯಾಗುವುದಿಲ್ಲ. "ಕಣ್ಣು ಕಾಣ್ದೋಳ್ನ ಸ್ವಂತದೋರಲ್ದೆ ಇನ್ಯಾರು ಕಟ್ಕೊಂಡಾರು" ಎಂದೆಯಲ್ಲ, ಅದು ಇನ್ನೂ ಉರಿಯುತ್ತಿದೆ. ಆರು ವರ್ಷದಿಂದ ಬ್ಯಾಂಕಿನಲ್ಲಿ ದುಡಿಯುತ್ತಿದ್ದೇನೆ, ಯಾರಿಗೂ ಹೊರೆಯಾಗಿಲ್ಲ.

ಹೋದ ಶ್ರಾವಣದಲ್ಲಿ ಶಿಲ್ಪಾ ಜೊತೆ ಗುಬ್ಬಿಗೆ ನಾಟಕಕ್ಕೆ ಹೋಗಿದ್ದಕ್ಕೆ "ನಿಂಗ್ಯಾಕ್ ಬೇಕಿತ್ತು ನಾಟ್ಕ" ಎಂದು ಬೈದಿದ್ದೆ. ಅದು ಪ್ರೇಮದ ಕಥೆ. ಮುಂದಿನ ಸಾಲಿನ ತುದಿಯಲ್ಲಿ, ರಂಗದ ಪಕ್ಕಕ್ಕೇ ಒತ್ತಿಕೊಂಡು ಕೂತಿದ್ದೆ. ನಾಯಕನಿಗೆ ಮಾತು ಬಾಯಿಪಾಠವಾಗಿರಲಿಲ್ಲ. ಪರದೆಯ ಮರೆಯಿಂದ ಪ್ರಾಂಪ್ಟರ್ ಪ್ರತಿಯೊಂದನ್ನೂ ಮೆಲ್ಲಗೆ ಎತ್ತಿಕೊಡುತ್ತಿದ್ದರು. ಹಾಗಾಗಿ ಪ್ರೇಮದ ಮಾತೆಲ್ಲ ನನಗೆ ಎರಡೆರಡು ಸಲ ಕೇಳಿಸಿತು. "ನೀನು ಬರದಿದ್ದರೂ ನಾನು ಇಲ್ಲೇ ಇರುತ್ತೇನೆ" ಎಂದು ನಾಯಕ ಮೈಕಿನಲ್ಲಿ ಅಬ್ಬರಿಸಿದಾಗ ಜನ ಸಿಳ್ಳೆ ಹೊಡೆದರು. ಅದಕ್ಕೂ ಮೊದಲು, ಮರೆಯಲ್ಲಿ, ಅದೇ ಮಾತಿಗೆ ಆ ದನಿ ನಡುಗಿತ್ತು. ಯಾರಿಗೂ ಕೇಳಿಸಬಾರದ ದನಿ ಅದು, ನಟಿಸುವ ಅಗತ್ಯವೇ ಇರಲಿಲ್ಲ.

ನಾಟಕ ಮುಗಿದ ಮೇಲೆ ಹುಡುಕಿಕೊಂಡು ಹೋಗಿ, ನಿಮ್ಮ ಮಾತು ಚೆನ್ನಾಗಿತ್ತು ಎಂದೆ. "ಅಯ್ಯೋ, ಕೇಳಿಸ್ಬಿಡ್ತಾ? ಹಂಗಾದ್ರೆ ನಂದೇ ತಪ್ಪು ಬಿಡಿ" ಎಂದು ನಾಚಿಕೊಂಡರು. ಪ್ರಾಂಪ್ಟರ್ ದನಿ ಜನಕ್ಕೆ ಕೇಳಿಸಿದರೆ ಅವಮಾನವಂತೆ. ಹೆಸರು ಷಡಕ್ಷರಿ, ಅಲ್ಲೇ ಮೇಷ್ಟ್ರು. ಐದು ತಿಂಗಳಿಂದ ಪ್ರತಿ ಭಾನುವಾರ ಮರಳೂರಿಗೆ ಬರುತ್ತಾರೆ. ನಮ್ಮ ಜಾತಿಯವರಲ್ಲ. ಅವರನ್ನೇ ಮದುವೆಯಾಗುತ್ತೇನೆ.

ಮಾವನಿಗೆ ನೀನು ಕೊಟ್ಟ ಮಾತು ನೀನೇ ವಾಪಸ್ ತಗೋ. ಒಪ್ಪಿದರೆ ಧಾರೆ ನಮ್ಮೂರು ಕೊತ್ತಗೆರೆಯಲ್ಲಿ, ಒಪ್ಪದಿದ್ದರೆ ರಿಜಿಸ್ಟರ್ ಆಫೀಸಿನಲ್ಲಿ. ನೀನು ಬರದಿದ್ದರೆ ಅಳುತ್ತೇನೆ, ಆದರೆ ಮದುವೆ ನಿಲ್ಲಿಸುವುದಿಲ್ಲ.

ನಿನ್ನ ಹಠವನ್ನೇ ಹೊತ್ತು ಹುಟ್ಟಿದ
ತೇಜಸ್ವಿನಿ

ತಾ.ಕ.: ಅಮ್ಮ, ನಿನಗೆ ಓದಲು ಬಾರದು, ನನಗೆ ಕಣ್ಣು ಕಾಣದು. ಇಷ್ಟು ಹೊತ್ತು ನೀನೂ ನನ್ನ ಹಾಗೆ ಬರೀ ದನಿಯನ್ನೇ ನಂಬಿ ಕೂತಿದ್ದೆ. ಅದು ಎಲ್ಲಿ ನಡುಗಿತೆಂದು ನಿನಗೂ ಗೊತ್ತಾಗಿರುತ್ತದೆ. ಓದುತ್ತಿರುವವರೇ ಷಡಕ್ಷರಿ. ಕಾಗದದಲ್ಲಿ ಏನಿದೆಯೆಂದು ಅವರಿಗೂ ಹೇಳಿರಲಿಲ್ಲ. ಈ ಸಲ ಮರೆಯಲ್ಲಿ ನಿಂತು ಮಾತು ಎತ್ತಿಕೊಟ್ಟವಳು ನಾನು. ಬಾಗಿಲಲ್ಲೇ ನಿಲ್ಲಿಸಿದ್ದರೆ ಒಳಗೆ ಕರಿ, ಒಂದು ಲೋಟ ಮಜ್ಜಿಗೆ ಕೊಡು.