ಜೂನ್ ಒಂದರಂದು ಹುಟ್ಟಿದವರು

ಮಾನ್ಯರೇ,

ದಕ್ಷಿಣ ಏಷ್ಯಾದ ಹದಿನೇಳು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್ ಪಂದ್ಯಾವಳಿಗೆ ಹೊರಡುವ ನಮ್ಮ ದೇಶದ ತಂಡದಲ್ಲಿ ಯಾರ ವಯಸ್ಸು ಎಷ್ಟೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಕುಳಿತಿರುವವರು ತಾವು. ಸತ್ಯ ಏನಿದೆಯೋ ಬರೆದುಕೊಡಿ, ಹುಡುಗಿಯನ್ನು ನಾನು ಉಳಿಸಿಕೊಡುತ್ತೇನೆ ಎಂದು ನನಗೆ ಮಾತು ಕೊಟ್ಟವರೂ ತಾವೇ. ನಾನು ಬರೆದುಕೊಟ್ಟೆ. ಆ ಕಾಗದವನ್ನೇ ಸಾಕ್ಷಿ ಮಾಡಿಕೊಂಡು ತಾವು ಅವಳನ್ನು ಎರಡು ವರ್ಷ ಆಟದಿಂದ ಹೊರಗಿಟ್ಟಿರಿ. ನನ್ನ ದೂರು ಇಷ್ಟೇ. ಇದನ್ನು ತಮಗೆ ಖಾಸಗಿಯಾಗಿ ಮೂರು ಸಲ ಬರೆದೆ. ಮೂರಕ್ಕೂ ಸ್ವೀಕೃತಿ ಚೀಟಿ ಬಂತು, ಉತ್ತರ ಬರಲಿಲ್ಲ. ಹಾಗಾಗಿ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಹುಡುಗಿಯ ಹೆಸರು ಅಂಬಿಕ. ಕಾಮಸಮುದ್ರದ ಕಡೆಯ ಒಂದು ಸಣ್ಣ ಹಳ್ಳಿಯವಳು. ತಂದೆ ಸುಧಾಕರ್ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ತಾಯಿ ಶಶಿರೇಖ ಎರಡು ಸೀಮೆಹಸು ನೋಡಿಕೊಂಡು, ಸಿಕ್ಕ ದಿನ ಕೂಲಿಗೂ ಹೋಗುತ್ತಾಳೆ. ಆ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹತ್ತೊಂಬತ್ತು ವರ್ಷ ಮುಖ್ಯೋಪಾಧ್ಯಾಯನಾಗಿದ್ದವನು ನಾನು. ಇನ್ನು ತಪ್ಪೊಪ್ಪಿಗೆ. ತಮಗೆ ಇದು ಹೊಸದಲ್ಲ, ಓದುಗರಿಗೆ ಹೊಸದು.

ಎರಡು ಸಾವಿರದ ಹದಿಮೂರರ ಜೂನ್ ತಿಂಗಳಲ್ಲಿ ನನ್ನ ಶಾಲೆಯಲ್ಲಿ ಒಂಬತ್ತು ಮಕ್ಕಳಿದ್ದರು. ಹತ್ತು ತುಂಬದಿದ್ದರೆ ಶಾಲೆಯನ್ನು ಪಕ್ಕದ ಊರಿನದಕ್ಕೆ ಸೇರಿಸಿಬಿಡುತ್ತಾರೆಂಬ ಸುದ್ದಿ ಹಬ್ಬಿತ್ತು. ಪಕ್ಕದ ಊರೆಂದರೆ ಎರಡೂವರೆ ಕಿಲೋಮೀಟರ್, ನಡುವೆ ಕೆರೆ ಕೋಡಿ. ಆಗ ಮೂರನೇ ತರಗತಿಯಲ್ಲಿದ್ದ ರಾಧಳ ಜೊತೆಗೆ ಅವಳ ತಂಗಿ, ಇದೇ ಅಂಬಿಕ, ದಿನಾ ಬಂದು ಕೂರುತ್ತಿದ್ದಳು. ತಾಯಿ ಕೂಲಿಗೆ ಹೋದರೆ ಕೂಸನ್ನು ನೋಡುವವರು ಯಾರೂ ಇರಲಿಲ್ಲ. ಬಾಯಲ್ಲಿ ಬೆರಳಿಟ್ಟುಕೊಂಡು ಅಕ್ಕನ ಲಂಗ ಹಿಡಿದು ಕೂರುತ್ತಿತ್ತು, ಮಧ್ಯಾಹ್ನ ಅಕ್ಕನ ತಟ್ಟೆಯಲ್ಲೇ ಉಣ್ಣುತ್ತಿತ್ತು. ದಾಖಲಾತಿ ಪುಸ್ತಕ ತೆಗೆದು ಅದರ ಹೆಸರು ಬರೆದುಕೊಂಡೆ. ಸ್ವಂತ ತಟ್ಟೆ ಸಿಗಲಿ ಎಂದು ಬರೆದೆ ಅಂದರೆ ಅರ್ಧ ಸತ್ಯ. ಹತ್ತನೆಯ ಹೆಸರು ಬೇಕಿತ್ತು ಅನ್ನುವುದು ಇನ್ನರ್ಧ. ಹುಟ್ಟಿದ ದಿನಾಂಕದ ಕಾಲಂ ಬಂತು. ಒಂದನೇ ತರಗತಿಗೆ ವಯಸ್ಸು ಸಾಲಬೇಕಲ್ಲ? ನಮ್ಮ ಕಡೆಯ ಮೇಷ್ಟ್ರುಗಳೆಲ್ಲ ಏನು ಬರೆಯುತ್ತಾರೋ ಅದನ್ನೇ ಬರೆದೆ: ಜೂನ್ ಒಂದು, ಎರಡು ಸಾವಿರದ ಏಳು. ನಾಲ್ಕೂವರೆ ವರ್ಷದ ಮಗುವಿಗೆ ಒಂದೇ ಗೆರೆಯಲ್ಲಿ ಆರು ತುಂಬಿಸಿದೆ.

ಆ ಪುಸ್ತಕವನ್ನು ತಾವು ತರಿಸಿಕೊಂಡು ನೋಡಿದ್ದೀರಿ. ಅದರಲ್ಲಿ ಹತ್ತಕ್ಕೆ ಹತ್ತೂ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದಾರೆ. ನಮ್ಮೂರಿನ ತಾಯಂದಿರು ಜೂನ್ ಒಂದರ ತನಕ ನೋವು ತಡೆದುಕೊಂಡು, ಅಂದೇ ಹೆರುತ್ತೇವೆಂದು ಹರಕೆ ಹೊತ್ತಿದ್ದಾರೆಂದು ತಮ್ಮ ಕಚೇರಿ ನಂಬಿತೇ? ನಂಬಿದ್ದರೆ ಇಡೀ ಪುಟವನ್ನೇ ಪ್ರಶ್ನೆ ಮಾಡಬೇಕಿತ್ತು. ನಂಬದಿದ್ದರೆ ಒಬ್ಬಳನ್ನೇ ಯಾಕೆ ಹಿಡಿದಿರಿ?

ನಿಜಕ್ಕೂ ಅವಳು ಹುಟ್ಟಿದ್ದು ಎರಡು ಸಾವಿರದ ಎಂಟರ ನವೆಂಬರ್ ಹನ್ನೊಂದರಂದು. ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಶಶಿರೇಖಳ ತವರು ಗಡಿಯಾಚೆ, ಆಂಧ್ರದಲ್ಲಿ. ಹೆರಿಗೆ ಮನೆಯಲ್ಲೇ ಆಯಿತು. ಜನನ ನೋಂದಣಿ ಅವರು ಮಾಡಿಸುತ್ತಾರೆಂದು ಇವರು, ಇವರು ಮಾಡಿಸುತ್ತಾರೆಂದು ಅವರು ಸುಮ್ಮನಾದರು. ಉಳಿದದ್ದು ಅಲ್ಲಿನ ನರ್ಸಮ್ಮ ತೆಲುಗಿನಲ್ಲಿ ಬರೆದುಕೊಟ್ಟ ಚುಚ್ಚುಮದ್ದಿನ ಕಾರ್ಡ್ ಒಂದೇ. ಅದನ್ನು ಆ ತಾಯಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹದಿನಾರು ವರ್ಷ ಕಾಪಾಡಿಕೊಂಡು ಬಂದಿದ್ದಾಳೆ. "ಕಾರ್ತೀಕ ಪುನ್ನಮಿಗೆ ಇನ್ನ ಎರಡು ದಿನ ಐತೆ ಅನ್ನೋವಾಗ ಉಟ್ಟಿದ್ದು ಸಾರ್, ನಂಗೆ ಮರ್ತೋತದಾ?" ಎಂದು ಕೇಳಿದಳು. ನಾನು ಪಂಚಾಂಗ ತೆಗೆದು ನೋಡಿದೆ. ಆ ವರ್ಷ ಹುಣ್ಣಿಮೆ ಬಿದ್ದದ್ದು ಹದಿಮೂರಕ್ಕೆ. ಹೆತ್ತವಳ ಲೆಕ್ಕ ಸರಿಯಿತ್ತು, ಕಲಿಸಿದವನದು ತಪ್ಪಿತ್ತು.

ತರಗತಿಯಲ್ಲಿ ಅವಳು ಯಾವಾಗಲೂ ಎಲ್ಲರಿಗಿಂತ ಚಿಕ್ಕವಳು. ಒಂದೂವರೆ ವರ್ಷ ದೊಡ್ಡವರ ಜೊತೆ ಓಡಿ, ಬಿದ್ದು, ತಳ್ಳಿಸಿಕೊಂಡು ಬೆಳೆದಳು. ಬಲದಲ್ಲಿ ಗೆಲ್ಲಲಾಗದೆ ಕಾಲಿನ ಚುರುಕನ್ನು ಕಲಿತಳು. ಹೋಬಳಿ ಕ್ರೀಡಾಕೂಟದಲ್ಲಿ ಆ ಕಾಲನ್ನು ಕಂಡವನು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ರಾಜ್‌ಕುಮಾರ್. ಆಟೋ ಓಡಿಸುತ್ತಾನೆ, ಬೆಳಗ್ಗೆ ಎರಡು ಗಂಟೆ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತಾನೆ. ಅವನ ತಾತ ಚಿನ್ನದ ಗಣಿಯ ತಂಡಕ್ಕೆ ಆಡಿದವರು. ಅಂದು ನನ್ನ ಭುಜ ಹಿಡಿದು ಅಲ್ಲಾಡಿಸಿ, "ಪಾತ್ತೀಂಗ್ಳಾ ಸಾರ್? ಎಡಗಾಲು ನೋಡಿದ್ರಾ? ಈ ಪಾಪ ಬಾಲ್ ಹಿಂದೆ ಓಡಲ್ಲ ಸಾರ್, ಬಾಲ್ ಎಲ್ ಬರುತ್ತೋ ಅಲ್ಲಿ ಮುಂಚೇನೇ ನಿಂತಿರ್ತಾಳೆ" ಎಂದ. ಆರು ವರ್ಷ ಅವಳು ಬಸ್ಸಿನಲ್ಲಿ ಕೆಜಿಎಫ್‌ಗೆ ಹೋಗಿ ಆ ಗಟ್ಟಿ ನೆಲದ ಮೇಲೆ ಆಡಿದಳು. ಮಂಡಿ ಎಷ್ಟು ಸಲ ಸುಲಿಯಿತೋ ಅವರಮ್ಮನಿಗೇ ಗೊತ್ತು. ಕಳೆದ ವರ್ಷ ರಾಜ್ಯ ತಂಡ. ಈ ವರ್ಷ ಬೆಂಗಳೂರಿನಲ್ಲಿ ದೇಶದ ತಂಡದ ಆಯ್ಕೆ ಶಿಬಿರ. ತಮ್ಮ ವೈದ್ಯರು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ವಯಸ್ಸು ಹದಿನಾರರ ಆಸುಪಾಸು ಎಂದು ಬರೆದರು. ಮೂವತ್ತು ಹುಡುಗಿಯರ ಪಟ್ಟಿಯಲ್ಲಿ ಅವಳು ಎಡಬದಿಯ ಡಿಫೆಂಡರ್. ಅರ್ಜಿಯಲ್ಲಿ ಅವಳು ತುಂಬಿದ್ದು ಅಮ್ಮ ಹೇಳಿಕೊಟ್ಟ ದಿನಾಂಕ. ಅಂಕಪಟ್ಟಿಯಲ್ಲಿದ್ದದ್ದು ನಾನು ಬರೆದ ದಿನಾಂಕ. ಎರಡು ಸಾವಿರದ ಎಂಟರ ಜನವರಿಗೆ ಮೊದಲು ಹುಟ್ಟಿದವರಿಗೆ ತಂಡದಲ್ಲಿ ಜಾಗವಿಲ್ಲ. ನನ್ನ ಶಾಯಿಯಿಂದಾಗಿ ಅವಳು ಆ ಗಡುವಿಗಿಂತ ಏಳು ತಿಂಗಳು ದೊಡ್ಡವಳಾದಳು.

ಆಗ ತಾವು ನನ್ನನ್ನು ಕರೆಸಿದಿರಿ. ನಾನು ಹೆದರಿಕೊಂಡೇ ಬಂದೆ. ಅದನ್ನು ಬಚ್ಚಿಡುವುದಿಲ್ಲ. ಕಡತ ತಿದ್ದಿದ ನಿವೃತ್ತ ಮೇಷ್ಟ್ರಿಗೆ ಏನು ಗತಿಯೆಂದು ರೈಲಿನುದ್ದಕ್ಕೂ ಯೋಚಿಸಿದೆ. ತಾವು ಕಾಫಿ ತರಿಸಿದಿರಿ. ಬಾಗಿಲು ಮುಂದೆ ಮಾಡಿ, "ಮೇಷ್ಟ್ರೇ, ಹೆದರ್ಬೇಡಿ. ಬರೆದವರೇ ತಪ್ಪು ಒಪ್ಕೊಂಡು ಅಫಿಡವಿಟ್ ಕೊಟ್ರೆ ಮೂಳೆ ಪರೀಕ್ಷೆಗೂ ಅದಕ್ಕೂ ತಾಳೆ ಆಗುತ್ತೆ. ಹುಡುಗಿ ಸೇಫು. ನಾನಿದೀನಿ" ಎಂದಿರಿ. ಜೂನ್ ಒಂದರ ಕಥೆ ಹೇಳಿದಾಗ ತಾವು ಜೋರಾಗಿ ನಕ್ಕಿರಿ. ಯಾಕೆ ನಕ್ಕಿರೆಂಬುದು ನಮ್ಮಿಬ್ಬರಿಗೂ ಗೊತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮಾರನೆಯ ದಿನವೇ ಬಂಗಾರಪೇಟೆಯಲ್ಲಿ ನೋಟರಿ ಮುಂದೆ ಕೂತು ಬರೆದುಕೊಟ್ಟೆ. ಒಂದಕ್ಷರ ಮುಚ್ಚಿಡಲಿಲ್ಲ. ಹತ್ತನೆಯ ಹೆಸರು ಬೇಕಿತ್ತು ಎನ್ನುವುದನ್ನೂ ಬರೆದೆ. ನೋಟರಿಯೇ ತಲೆ ಎತ್ತಿ, "ಇದೆಲ್ಲ ಯಾಕ್ ಸಾರ್, ನೆನಪಿಲ್ಲ ಅಂತ ಬರೀರಿ ಸಾಕು" ಎಂದರು. ನಾನು ಕೇಳಲಿಲ್ಲ. ತಮ್ಮ ಮಾತಿನ ಮೇಲೆ ಅಷ್ಟು ಭರವಸೆ ನನಗೆ.

ಹನ್ನೆರಡು ದಿನಕ್ಕೆ ಆದೇಶ ಬಂತು. "ಶಾಲೆಯ ಅಂದಿನ ಮುಖ್ಯಸ್ಥರೇ ದಾಖಲೆ ಸುಳ್ಳೆಂದು ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ವಯಸ್ಸಿನ ವಂಚನೆ ಸಾಬೀತಾಗಿದೆ. ಆಟಗಾರ್ತಿಯನ್ನು ಎರಡು ವರ್ಷಗಳ ಕಾಲ ಎಲ್ಲ ಹಂತದ ಪಂದ್ಯಗಳಿಂದ ನಿರ್ಬಂಧಿಸಲಾಗಿದೆ." ತೆಲುಗಿನ ಕಾರ್ಡಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ತಮ್ಮದೇ ವೈದ್ಯರ ಎಕ್ಸ್‌ರೇ ಬಗ್ಗೆ ಅರ್ಧ ಸಾಲೂ ಇರಲಿಲ್ಲ. ಕೆಳಗೆ ಸಹಿ ಮಾತ್ರ ತಮ್ಮದು.

ಮಾನ್ಯರೇ, ಇಷ್ಟು ವರ್ಷ ಮಕ್ಕಳಿಗೆ ಕೂಡುವುದು ಕಳೆಯುವುದು ಕಲಿಸಿದವನು ನಾನು. ತಮ್ಮ ಕಚೇರಿಯ ಗಣಿತ ನನಗೆ ಅರ್ಥವಾಗುತ್ತಿಲ್ಲ. ವಯಸ್ಸಿನ ವಂಚನೆ ಮಾಡುವವರು ವಯಸ್ಸನ್ನು ಕಮ್ಮಿ ಮಾಡಿಕೊಳ್ಳುತ್ತಾರೆ. ಕಿರಿಯರ ತಂಡ ಸೇರಲು ಸಂಚು ಹೂಡಿ ಯಾರಾದರೂ ವಯಸ್ಸನ್ನು ಹೆಚ್ಚಿಸಿಕೊಳ್ಳುತ್ತಾರೆಯೇ? ಅದೂ ಹನ್ನೆರಡು ವರ್ಷ ಮೊದಲೇ, ಅಕ್ಕನ ಲಂಗ ಹಿಡಿದುಕೊಂಡು? ಆ ಕೂಸಿಗೆ ಅಂದು ಫುಟ್‌ಬಾಲ್ ಅಂದರೆ ತಿನ್ನುವುದೋ ಆಡುವುದೋ ಗೊತ್ತಿರಲಿಲ್ಲ. ವಂಚಕಿ ಎಂದು ತಾವು ಕರೆದಿರುವುದು ಆ ಕೂಸನ್ನು. ವಂಚಿಸಿದವನು ಇಲ್ಲಿ ನಾನು ಕೂತಿದ್ದೇನೆ, ಪಿಂಚಣಿ ಪಡೆಯುತ್ತ, ಸುಖವಾಗಿ. ನನಗೊಂದು ನೋಟಿಸಾದರೂ ಬಂತೇ? ತಪ್ಪು ಬರೆದವನಿಗೆ ಕಾಫಿ, ಬರೆಸಿಕೊಂಡವಳಿಗೆ ಶಿಕ್ಷೆ. ಇದು ಯಾವ ನ್ಯಾಯ?

ಪಂದ್ಯಾವಳಿಯ ಮೊದಲ ದಿನ ರಾಜ್‌ಕುಮಾರ್ ಆಟೋ ನಿಲ್ಲಿಸಿ, ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿದ. ಅವನು, ಅಂಬಿಕ, ನಾನು, ಮೂವರೂ ನೋಡಿದೆವು. ಎದುರಾಳಿ ನೇಪಾಳ. ಎಡಬದಿಯಲ್ಲಿ ಬೇರೊಬ್ಬ ಹುಡುಗಿ ಆಡುತ್ತಿದ್ದಳು. ಚೆನ್ನಾಗಿಯೇ ಆಡಿದಳು. ಅವಳ ಮೇಲೆ ನಮಗೇನೂ ಸಿಟ್ಟಿಲ್ಲ. ರಾಷ್ಟ್ರಗೀತೆ ಶುರುವಾದಾಗ ಅಂಬಿಕ ಬೆಂಚಿನಿಂದ ಎದ್ದು ನಿಂತಳು. ಅಂಗಡಿಯಲ್ಲಿದ್ದವರೆಲ್ಲ ಅವಳನ್ನೇ ನೋಡಿದರು. ಅವಳು ಮೊಬೈಲು ನೋಡುತ್ತಿದ್ದಳು. ಆಟದ ನಡುವೆ ಎರಡು ಸಲ "ಒಳಗ್ ಬಾ, ಒಳಗ್ ಬಾ" ಎಂದು ಆ ಹುಡುಗಿಗೆ ಇಲ್ಲಿಂದಲೇ ಹೇಳಿದಳು. ರಾಜ್‌ಕುಮಾರ್ ಮುಖ ತೊಳೆಯುತ್ತೇನೆಂದು ಎದ್ದುಹೋದವನು ಬಹಳ ಹೊತ್ತು ಬರಲಿಲ್ಲ.

ವಾಪಸು ಬಸ್ಸಿಗೆ ಕಾಯುವಾಗ ಅವಳು ನನ್ನನ್ನು ಒಂದು ಮಾತು ಕೇಳಿದಳು. ಜಗಳಕ್ಕೆ ಕೇಳಲಿಲ್ಲ, ಸಿಟ್ಟಿನಿಂದಲೂ ಅಲ್ಲ. ಹಿಂದೆ ಪಾಠದಲ್ಲಿ ಅರ್ಥವಾಗದ್ದನ್ನು ಕೇಳುತ್ತಿದ್ದಳಲ್ಲ, ಹಾಗೇ ಕೇಳಿದಳು. "ಸಾರ್, ನೀವು ಬರ್ದುಕೊಡ್ದೆ ಸುಮ್ಕಿದ್ದಿದ್ರೆ ಈ ಟೀಮ್ ಒಂದು ತಾನೇ ಓಗ್ತಿದ್ದಿದ್ದು? ಬರೋ ವರ್ಸ ಇಪ್ಪತ್ತರೊಳಗಿನ ಟೀಮ್ಗೆ ಓಗ್ಬೋದಿತ್ತಲ್ವಾ? ಈಗ ಡಿಸ್ಟ್ರಿಕ್ಟೂ ಇಲ್ಲ, ಕಾಲೇಜೂ ಇಲ್ಲ. ನಿಜ ಯಾಕ್ ಸಾರ್ ಏಳಿದ್ರಿ?"

ನಿಜ ಹೇಳಬೇಕು ಎಂದು ಒಂದನೇ ತರಗತಿಯಲ್ಲಿ ಅವಳಿಗೆ ಕಲಿಸಿದವನು ನಾನೇ. ಏನು ಉತ್ತರ ಕೊಡಲಿ? ತಾವೇ ಹೇಳಿ, ನಾಳೆ ಅವಳಿಗೆ ಹೇಳುತ್ತೇನೆ. ಆ ಸಂಜೆ ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂರಲಾರದೆ ಹಿಂದಿನ ಸೀಟಿಗೆ ಹೋದೆ. ಅರವತ್ತಮೂರು ವರ್ಷದವನು ಅತ್ತೆ, ಮಾನ್ಯರೇ. ಅವಮಾನಕ್ಕಲ್ಲ. ಮೊದಲು ಸುಳ್ಳು ಬರೆದು ಅವಳ ಒಂದೂವರೆ ವರ್ಷ ತೆಗೆದೆ, ಆಮೇಲೆ ತಮ್ಮನ್ನು ನಂಬಿ ನಿಜ ಬರೆದು ಎರಡು ವರ್ಷ ತೆಗೆದೆ ಎಂಬ ಸಂಕಟಕ್ಕೆ.

ಈಗಲೂ ಅವಳು ಬೆಳಗ್ಗೆ ಮೈದಾನಕ್ಕೆ ಹೋಗುತ್ತಾಳೆ. ಪಂದ್ಯವಿದ್ದ ದಿನ ಆಡುವಂತಿಲ್ಲ. ಗೆರೆಯ ಆಚೆ ನಿಂತು, ಹೊರಗೆ ಬಂದ ಚೆಂಡನ್ನು ಎತ್ತಿ ಕೊಡುತ್ತಾಳೆ. ಕಾಲಲ್ಲಿ ಒದೆಯುವುದಿಲ್ಲ, ಕೈಯಲ್ಲೇ ಕೊಡುತ್ತಾಳೆ. ಒದ್ದರೆ ಅದನ್ನೂ ಆಟವೆಂದು ಬರೆದುಕೊಂಡು ಶಿಕ್ಷೆ ಹೆಚ್ಚಿಸುತ್ತಾರೇನೋ ಎಂಬ ಭಯ ಅವಳಿಗೆ. ತಮ್ಮ ಆದೇಶವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರು ತಮ್ಮ ಕಚೇರಿಯಲ್ಲಾದರೂ ಇದ್ದಾರೆಯೇ?

ನನ್ನ ಒತ್ತಾಯ ಹೀಗಿದೆ. ದಕ್ಷಿಣ ಏಷ್ಯಾದ ಇಪ್ಪತ್ತರೊಳಗಿನ ತಂಡದ ಆಯ್ಕೆ ಜನವರಿಯಲ್ಲಿದೆ. ಅದಕ್ಕೆ ಮೊದಲು ಈ ನಿರ್ಬಂಧ ತೆಗೆಯಿರಿ. ಆದೇಶದಲ್ಲಿರುವ ವಂಚನೆ ಎಂಬ ಪದವನ್ನು ಅವಳ ಹೆಸರಿನ ಮುಂದಿನಿಂದ ಅಳಿಸಿ ನನ್ನ ಹೆಸರಿನ ಮುಂದೆ ಬರೆಯಿರಿ. ನನ್ನ ಮೇಲೆ ಯಾವ ಕ್ರಮ ಬೇಕೋ ಕೈಗೊಳ್ಳಿ, ಕರೆದ ದಿನ ಬಂದು ನಿಲ್ಲುತ್ತೇನೆ. ಈ ಸಲ ಕಾಫಿ ಬೇಡ.

ಕೊನೆಗೆ, ಆ ನಗುವಿನ ವಿಷಯ. ನಾನು ನಿವೃತ್ತನಾದದ್ದು ಮೇ ಮೂವತ್ತೊಂದಕ್ಕೆ. ಅಂದು ನಮ್ಮ ತಾಲ್ಲೂಕಿನಲ್ಲಿ ಒಟ್ಟಿಗೆ ಹನ್ನೊಂದು ಮೇಷ್ಟ್ರುಗಳಿಗೆ ಹಾರ ಹಾಕಿದರು. ನಮ್ಮನ್ನೆಲ್ಲ ಜೂನ್ ಒಂದರಂದೇ ಹುಟ್ಟಿಸಿದ್ದರು ನಮ್ಮ ಮೇಷ್ಟ್ರುಗಳು. ಇದನ್ನು ಹೇಳಿದಾಗ ತಾವು ನಕ್ಕು, ಲೋಟ ಕೆಳಗಿಟ್ಟು, "ಅಯ್ಯೋ ಮೇಷ್ಟ್ರೇ, ನಂದೂ ಅದೇ ಕಥೆ. ಬರೋ ಮೇ ಮೂವತ್ತೊಂದಕ್ಕೆ ನಾನೂ ರಿಟೈರ್ಡು. ನಮ್ಮಮ್ಮ ಹೇಳೋದು ನಾನು ಹುಟ್ಟಿದ್ದು ಸಂಕ್ರಾಂತಿ ಮಾರನೇ ದಿನ ಅಂತ" ಎಂದಿರಿ.

ತಮಗೂ ಯಾರೋ ಒಬ್ಬ ಮೇಷ್ಟ್ರು ಹಾಗೆ ಬರೆದುಕೊಂಡರು. ಆ ಒಂದು ಗೆರೆಯಿಂದ ತಾವು ಶಾಲೆ ಸೇರಿದಿರಿ, ಓದಿದಿರಿ, ಆ ಕುರ್ಚಿಯ ತನಕ ಬಂದಿರಿ. ತಮ್ಮನ್ನು ಯಾರೂ ವಂಚಕ ಎನ್ನಲಿಲ್ಲ. ಅಂಬಿಕಳ ಆದೇಶಕ್ಕೆ ಸಹಿ ಹಾಕುವಾಗ ತಮ್ಮ ಅಮ್ಮನ ಸಂಕ್ರಾಂತಿ ನೆನಪಾಗಲಿಲ್ಲವೇ?

ಇಂತಿ,
ತಮ್ಮ ಮಾತು ನಂಬಿ ನಿಜ ಬರೆದುಕೊಟ್ಟು, ಅದಕ್ಕಾಗಿ ಶಿಷ್ಯೆಯ ಮುಂದೆ ತಲೆ ತಗ್ಗಿಸಿದ,
ಮುನಿನಾರಾಯಣಪ್ಪ
ನಿವೃತ್ತ ಮುಖ್ಯೋಪಾಧ್ಯಾಯ, ಬಂಗಾರಪೇಟೆ
ಜನ್ಮ ದಿನಾಂಕ: ಕಡತದಲ್ಲಿ ಜೂನ್ ಒಂದು. ನಿಜವಾದದ್ದನ್ನು ಹೇಳಲು ಅಮ್ಮ ಈಗಿಲ್ಲ.