ಹಾಡುವಾಗ ಮುಚ್ಚುವ ಕಿವಿ

ಬಾನ್ ನೊಂಗ್ ಸಿಮ್
ನವೆಂಬರ್ 21, ಬುದ್ಧಶಕ 2553

ಮಗಳೇ ಫಾಯ್,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದುದಕ್ಕೆ ಬೇಸರಪಡಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ.

ಮೊದಲೇ ತಿಳಿಸಿಬಿಡುತ್ತೇನೆ. ನಿನ್ನ ಪದವಿ ಪ್ರದಾನಕ್ಕೆ ನಾನು ಬರುವುದಿಲ್ಲ. ಲಮುನ್ ಅತ್ತೆ ಬರುತ್ತಾಳೆ. ಆ ದಿನಕ್ಕೆಂದು ನಾನು ನೇಯ್ದಿಟ್ಟಿದ್ದ ನೀಲಿ ರೇಷ್ಮೆಯನ್ನು ಅವಳೇ ಉಟ್ಟುಕೊಂಡು ಬರುತ್ತಾಳೆ.

ಮನೆಯಲ್ಲಿ ಎಲ್ಲ ಸರಿಯಿದೆ. ಚಳಿಗೆ ನಾವು ಮಾರಲು ಸಾಕಿದ ಚಿಮ್ಮಂಡೆ ಹುಳಗಳು ಮಂಕಾಗಿವೆ. ತೊಟ್ಟಿಗಳ ಮೇಲೆ ಗೋಣಿ ಹೊದಿಸಿದ್ದೇನೆ. ಮೂಲೆಯ ತೊಟ್ಟಿಯ ಗಂಡುಗಳು ಮಾತ್ರ ರೆಕ್ಕೆ ತಿಕ್ಕಿ ಹಾಡಲು ಶುರುಮಾಡಿವೆ. ಗಂಡು ಹಾಡಿತೆಂದರೆ ಹೆಣ್ಣು ಮೊಟ್ಟೆಯಿಡಲು ಒದ್ದೆ ಹೊಟ್ಟಿನ ಬಟ್ಟಲು ಇಡಬೇಕು. ನಾನು ಬರದಿರುವುದಕ್ಕೆ ಊರವರಿಗೆಲ್ಲ ಈ ಕಾರಣ ಹೇಳಿದ್ದೇನೆ. ಲಮುನ್ ಒಬ್ಬಳು ನಂಬಲಿಲ್ಲ.

“ಬಟ್ಟಲು ಪಕ್ಕದ ಮನೆಯವ್ರು ಇಡಲ್ವಾ? ಮಗಳನ್ನ ಅಷ್ಟು ಓದಿಸಿ, ಈಗ ಹುಳಕ್ಕೆ ಬಾಣಂತನ ಮಾಡ್ತೀನಿ ಅಂತ ಕೂತ್ಯಲ್ಲ ಅತ್ತಿಗೆ?”

“ಹೂಂ,” ಎಂದೆ.

“ಏನು ಹೂಂ? ಒಂದು ತಿಂಗಳಿಂದ ಬರೀ ಹೂಂ. ಮೊದ್ಲು ನಿನ್ನ ಬಾಯಿಗೆ ಹೆದರಿ ನಾಯಿ ಬೇಲಿ ಸುತ್ತು ಹಾಕ್ಕೊಂಡು ಹೋಗ್ತಿತ್ತು. ಈಗ ಅಡುಗೆಮನೇಲೇ ಬಂದು ಮಲಗುತ್ತೆ.”

ನಾಯಿಯನ್ನು ಓಡಿಸಿದೆ.

ನಿನ್ನ ಅಪ್ಪ ತೀರಿಕೊಂಡ ಮೇಲೆ ಈ ಮನೆಗೆ ಗಟ್ಟಿಯಾಗಿ ಮಾತಾಡುವವರೊಬ್ಬರು ಬೇಕಿತ್ತು. ಹುಳ ಕೊಳ್ಳುವ ವ್ಯಾಪಾರಿಯೊಂದಿಗೆ, ಊರ ಮುಖಂಡನೊಂದಿಗೆ, ನಿನ್ನನ್ನು ಸೇರಿಸಿಕೊಳ್ಳುವುದಿಲ್ಲವೆಂದ ಮುಖ್ಯೋಪಾಧ್ಯಾಯರೊಂದಿಗೆ ನಾನೇ ಮಾತಾಡಿದೆ. ಮೆಲ್ಲಗೆ ಮಾತಾಡಿದ್ದರೆ ನೀನು ಆ ಶಾಲೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಹೋದ ತಿಂಗಳು ನೀನು ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಮಂಡಿಸಿದ ದಿನ ಬಾಗಿಲ ಕಾವಲುಗಾರನ ಬಳಿ ಯಾರೋ ಅಂಟನ್ನದ ಬುಟ್ಟಿ, ಸುಟ್ಟ ಮೀನು ಇಟ್ಟುಹೋಗಿದ್ದರು, ಲಮುನ್ ಅತ್ತೆಯಾ ಎಂದು ಪತ್ರದಲ್ಲಿ ಕೇಳಿದ್ದೀ. ಅವಳಲ್ಲ.

ಲಕೋಟೆಯಲ್ಲಿ ಬಿಳಿ ನೂಲಿದೆ, ಭಿಕ್ಖುಗಳ ಎದುರಿಟ್ಟು ಆಶೀರ್ವಾದ ಪಡೆದು ತಂದದ್ದು. ನಿನ್ನ ಮುಂಗೈಗೆ ನಾನು ಕಟ್ಟಬೇಕೆಂದಿದ್ದೆ. ತನ್ನ ಕೈಗೆ ತಾನೇ ಕಟ್ಟಿಕೊಳ್ಳುವಂತಿಲ್ಲ. ಯಾರಾದರೂ ಹಿರಿಯರಿಂದ ಕಟ್ಟಿಸಿಕೋ. ನಿನಗೆ ಆಯುಷ್ಯವಿರಲಿ, ಒಳ್ಳೆಯ ಹೆಸರಿರಲಿ, ಹೋದ ಕಡೆ ಅನ್ನವಿರಲಿ.

ನಿನ್ನ ಅಮ್ಮ,
ಕಮ್‌ಸೋಯ್

ಇನ್ನೊಂದು ಮಾತು. ನೀನು ಪ್ರಬಂಧ ಮಂಡಿಸಿದ ದಿನ ನಾನು ಬಂದಿದ್ದೆ. ಅಮ್ಮನಿಗೆ ಅರ್ಥವಾಗುವುದಿಲ್ಲ, ಕರೆತರಬೇಡಿ ಎಂದು ನೀನು ಲಮುನ್‌ಗೆ ಹೇಳಿದ್ದೆಯಂತೆ. ಕೊನೆಯ ಸಾಲಿನಲ್ಲಿ ಕೂತಿದ್ದೆ, ಎಲ್ಲ ಅರ್ಥವಾಯಿತು. ಚಿಮ್ಮಂಡೆಯ ಕಿವಿ ಮುಂಗಾಲಿನಲ್ಲಿದೆ. ಅಲ್ಲಿಂದ ನರಗಳು ಸದ್ದನ್ನು ಎದೆಗೂ ತಲೆಗೂ ಒಯ್ಯುತ್ತವೆ. ಗಂಡು ತಾನೇ ಹಾಡುವಾಗ, ರೆಕ್ಕೆ ತಿಕ್ಕಿದ ಕ್ಷಣಕ್ಕೆ ಸರಿಯಾಗಿ ಇನ್ನೊಂದು ನರ ಆ ಕೇಳುವ ನರಗಳನ್ನು ತಡೆದು ಹಿಡಿಯುತ್ತದೆ. ಇಲ್ಲದಿದ್ದರೆ ತನ್ನ ಸದ್ದಿಗೆ ತಾನೇ ಕಿವುಡಾದೀತು. ನಡುನಡುವಿನ ಬಿಡುವಿನಲ್ಲಿ ಹೊರಗಿನದು ಮತ್ತೆ ಕೇಳಿಸುತ್ತದೆ. ನೀನು ಚೆನ್ನಾಗಿ ಹೇಳಿದೆ. ಪಕ್ಕದ ಹೆಂಗಸಿಗೆ ಇವಳು ನನ್ನ ಮಗಳು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು, “ಈ ನರ ನಮ್ಮಮ್ಮನಿಗೂ ಇದೆ. ಆದ್ರೆ ಅವರ ಹಾಡಿಗೆ ಬಿಡುವೇ ಇಲ್ಲ” ಅಂದೆ. ಸಭೆಯೆಲ್ಲ ನಕ್ಕಿತು. ಆ ಹೆಂಗಸು ನನ್ನ ತೋಳು ತಟ್ಟಿ ನಕ್ಕಳು. ನಾನೂ ನಕ್ಕೆ.

ಅಂದು ನಾನು ಬಾಯಿ ಮುಚ್ಚಿಕೊಂಡೇ ಕೂತಿದ್ದೆ ಫಾಯ್. ಅದಕ್ಕೇ ಕೇಳಿಸಿತು.

ಬುಟ್ಟಿಯನ್ನು ತೊಳೆದು ಅತ್ತೆಯ ಕೈಯಲ್ಲಿ ಕಳಿಸು.