ಇಳಿದ ಮೇಲೆ ತೆರೆಯತಕ್ಕದ್ದು

ಮಾರ್ಚ್ ೧೪, ಮಧ್ಯಾಹ್ನ

ಅಡುಗೆಮನೆ ಸಂಸ್ಥಾನದ ಏಕಚ್ಛತ್ರಾಧಿಪತಿ, ಟಿ.ವಿ. ರಿಮೋಟಿನ ಸರ್ವಾಧಿಕಾರಿಣಿ, ನನ್ನ ಎಡಗಿವಿ ಹಿಂಡುವ ಆಜೀವ ಹಕ್ಕು ಪಡೆದ ಮಹಾಮಾತೆ ಅಮ್ಮನವರ ದಿವ್ಯ ಸನ್ನಿಧಾನಕ್ಕೆ ಕಿರಿಯ ಕಿಡಿಗೇಡಿಯ ವಿಜ್ಞಾಪನೆ.

ಫೋನಿನಲ್ಲಿ ನೀನು ಕೇಳಿದ್ದು ಒಂದೇ: ಅಕ್ಕ ಕೊನೆಗೆ ಹೆದರಿದಳೇ? ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟೆ. ಸಿಗ್ನಲ್ ಇತ್ತು.

ಮೊದಲು ನನ್ನ ವೈಭವ ಕೇಳು. ಭೂಮಿಗೆ ಮರಳುವಾಗ ಒಡೆದು ಬಿದ್ದ ಅವಳ ನೌಕೆಯನ್ನು ತುಂಡು ತುಂಡಾಗಿ ಒಂದು ದೊಡ್ಡ ಶೆಡ್ಡಿಗೆ ತಂದಿದ್ದಾರೆ. ನೆಲದ ಮೇಲೆ ಚೌಕಗಳನ್ನು ಎಳೆದು, ಯಾವ ತುಂಡು ನೌಕೆಯಲ್ಲಿ ಎಲ್ಲಿತ್ತೋ ಅದೇ ಚೌಕದಲ್ಲಿಡುತ್ತೇವೆ. ತಮ್ಮನಾದವನು ಇಲ್ಲಿರಬಾರದೆಂದು ನನ್ನನ್ನು ಮನೆಗೆ ಕಳಿಸಲು ನೋಡಿದರು. ಅವಳ ಆಸನ ಜೋಡಿಸಿದವನೇ ನಾನು, ಕ್ಯಾಬಿನ್ನಿನ ಒಂದೊಂದು ತಿರುಪೂ ಗೊತ್ತು ಎಂದು ಜಂಭ ಕೊಚ್ಚಿ ಉಳಿದುಕೊಂಡೆ. ಈಗ ಕ್ಯಾಬಿನ್ ಚೌಕಗಳ ಮಹಾರಾಜ ನಾನೇ.

ನಿನ್ನೆ ಕಾರಣ ಸಿಕ್ಕಿತು. ಇಂಧನದ ಕೊಳವೆಯ ಒಂದು ಕ್ಲಿಪ್ಪನ್ನು ಯಾರೋ ತಿರುಗುಮುರುಗಾಗಿ ಕೂರಿಸಿದ್ದರು. ಅದು ಉಜ್ಜಿ ಉಜ್ಜಿ ಕೊಳವೆ ಸೀಳಿತ್ತು. ನನ್ನ ಕಿರುಬೆರಳಿನಷ್ಟು ಕ್ಲಿಪ್ಪು ಅಮ್ಮ, ಅಷ್ಟೇ. ತನಿಖೆಯ ಮುಖ್ಯಸ್ಥೆ ನನ್ನ ಕಡೆ ನೋಡಿ, ‘ಅಳೋದಾದ್ರೆ ಆಚೆ ಹೋಗಪ್ಪ, ತುಂಡಿನ ಮೇಲೆ ನೀರು ಬೀಳ್ಬಾರ್ದು’ ಎಂದರು. ‘ನೆಗಡಿ ಮೇಡಂ’ ಎಂದೆ. ಅವರೂ ಮೂಗೊರೆಸಿಕೊಂಡು, ‘ನಂಗೂ ಅದೇ ಕಣೋ’ ಎಂದರು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೊರಡುವ ಮೊದಲು ಅಕ್ಕನ ಕೈಪಿಡಿಯ ಕೊನೆಯ ಪುಟಕ್ಕೆ ನಾನೊಂದು ಲಕೋಟೆ ಅಂಟಿಸಿದ್ದೆ. ಮೇಲೆ ‘ಇಳಿದ ಮೇಲೆ ತೆರೆಯತಕ್ಕದ್ದು’ ಎಂಬ ಕಟ್ಟಪ್ಪಣೆ. ಒಳಗೆ ನಾನು ಬರೆದ ಚಿತ್ರ: ಗೋಡೆಯ ಹಲ್ಲಿಗೆ ಹೆದರಿ ಮಂಚ ಹತ್ತಿ ನಿಂತ ವೀರ ಗಗನಯಾತ್ರಿ. ಅವಳು ಗೊತ್ತಲ್ಲ, ಹುಟ್ಟುಹಬ್ಬದ ಪೊಟ್ಟಣವನ್ನು ಹಿಂದಿನ ದಿನವೇ ಕದ್ದು ಬಿಚ್ಚುವವಳು! ಮೇಲಿರುವಾಗಲೇ ತೆರೆದಿದ್ದಾಳೆ. ಧ್ವನಿಮುದ್ರಣದಲ್ಲಿ ಅವಳ ಕೊನೆಯ ಸದ್ದು ನಗು. ‘ಇಳಿದ್ಮೇಲೆ ಇದೆ ಅವನ್ಗೆ’ ಎಂದು ನನ್ನನ್ನು ಬೈದು, ಗೊಳ್ಳೆಂದು ನಕ್ಕಿದ್ದಾಳೆ. ಹೆದರಲು ಅವಳಿಗೆ ಪುರುಸೊತ್ತೇ ಇರಲಿಲ್ಲ ಅಮ್ಮ. ಇನ್ನಾದರೂ ಎರಡು ತುತ್ತು ಉಣ್ಣು.

ಇಂತಿ,
ಎಡಗಿವಿ ಮಾತ್ರ ಉದ್ದವಾಗಿರುವ ನಿನ್ನ ಕೋತಿ

ಮ.ವಿ.: ಹಾಳೆ ಮಡಚಿದವನು ಮತ್ತೆ ಬಿಚ್ಚಿದೆ. ಧ್ವನಿಮುದ್ರಣ ಕೇಳುವ ಕೋಣೆಗೆ ನನ್ನನ್ನು ಬಿಡುವುದಿಲ್ಲ. ಕೈಪಿಡಿಯ ಕೊನೆಯ ಪುಟ ಮಾತ್ರ ನನ್ನ ಚೌಕಕ್ಕೇ ಬಂತು. ಅಂಚು ಸುಟ್ಟಿದೆ. ಲಕೋಟೆಯ ಬಾಯಿಗೆ ಹಚ್ಚಿದ ಅಂಟು ಬಿಚ್ಚದೆ ಹಾಗೇ ಇದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಮಾತು ಕೇಳಿದ್ದಾಳೆ.